ಆರು ಗುಳಿಯ ತಟ್ಟೆ

ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಮ್ಮ ಮನೆಯವರು, ಸೊಸೆ, ಮೇಲಿನ ಡಾಕ್ಟರಮ್ಮ ಎಲ್ಲರೂ ಸೇರಿ ಬೇರೆ ಏನೇನೋ ಹೇಳುವವರಿದ್ದಾರೆ. ಬೀದಿಯ ಆ ತುದಿಯಲ್ಲಿ ನಗುತ್ತಾ ಬರುವವರ ಬಾಯಲ್ಲಿರುವುದು ಸ್ವಂತ ಹಲ್ಲೋ ನಾನು ಮಾಡಿದ ಹಲ್ಲೋ ಎಂದು ಈಗಲೂ ಕಿಟಕಿಯಲ್ಲಿ ಕುಳಿತೇ ಹೇಳಬಲ್ಲೆ. ಹತ್ತಿರದ್ದು ಮಾತ್ರ ಒಂದು ವರ್ಷದಿಂದ ಸ್ವಲ್ಪ ಮಂಜುಮಂಜು.

ತೊಂದರೆ ಏನೆಂದರೆ ನನ್ನ ಕೆಲಸವೆಲ್ಲ ಹತ್ತಿರದ್ದೇ. ಮೂವತ್ತೊಂದು ವರ್ಷದಿಂದ ನಾನು ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಮೇಲಿನ ಮಹಡಿಯಲ್ಲಿ ಡಾಕ್ಟರಮ್ಮನ ಕ್ಲಿನಿಕ್, ಕೆಳಗೆ ನಮ್ಮ ವರ್ಕ್‌ಶಾಪು, ನಡುವೆ ಹತ್ತೊಂಬತ್ತು ಮೆಟ್ಟಿಲು. ಅವರು ಬಾಯಿಯ ಅಳತೆ ತೆಗೆದು ಕೆಳಗೆ ಕಳಿಸುತ್ತಾರೆ. ನಾವು ಪ್ಲಾಸ್ಟರಿನ ಅಚ್ಚು ಮಾಡಿ, ಅದರ ಮೇಲೆ ಗುಲಾಬಿ ಮೇಣದ ವಸಡು ಕಟ್ಟಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ ಮೇಲೆ ಒಯ್ಯುತ್ತೇವೆ. ಆ ಮೇಣದ ಸೆಟ್ಟನ್ನು ಬಾಯಲ್ಲಿಟ್ಟು ನೋಡಿ ಡಾಕ್ಟರಮ್ಮ ಸರಿ ಎಂದ ಮೇಲೆ ಗಟ್ಟಿ ಸೆಟ್ಟು ಮಾಡುವುದು. ದವಡೆ ಹಲ್ಲು ಯಾರು ಬೇಕಾದರೂ ಕೂರಿಸಲಿ, ಅದು ಅಗಿಯುವುದಕ್ಕೆ. ಆದರೆ ಮುಂದಿನ ಆರು ಹಲ್ಲು ಅಂದರೆ ಮನುಷ್ಯನ ಮುಖ. ಆ ಆರನ್ನು ನನ್ನ ಬಿಟ್ಟು ಇನ್ನೊಬ್ಬರು ಮುಟ್ಟಿದ್ದಿಲ್ಲ. ಈ ಊರಿನ ಮುದುಕರಲ್ಲಿ ಅರ್ಧಕ್ಕರ್ಧ ಜನ ನಗುವುದು ನನ್ನ ನಗು.

ಹೋದ ವರ್ಷ ಒಬ್ಬ ಮೇಷ್ಟ್ರ ಸೆಟ್ಟಿನಲ್ಲಿ ಎಡಗಡೆಯ ಕೋರೆಹಲ್ಲು ಬಲಗಡೆ ಹೋಗಿ ಕುಳಿತುಬಿಟ್ಟಿತು. ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು, ದನಿ ಎತ್ತುವುದಿಲ್ಲ. ಮೆತ್ತಗೆ ಹೇಳಿದಳು: "ಅಮ್ಮಾ, ಇನ್ನೊಂದು ಸಲ ಹೀಗಾದ್ರೆ ಮುಂದಿನ ಹಲ್ಲು ನಿಮ್ಮ ಸೊಸೆ ಕೂರಿಸ್ಲಿ."

ನನ್ನ ಮಗ ದೂರದ ರೂಟಿನಲ್ಲಿ ಲಾರಿ ಓಡಿಸುತ್ತಾನೆ. ವಾರಕ್ಕೊಮ್ಮೆ ಬಂದು, ಎರಡೂ ಕಡೆಯ ದೂರು ಕೇಳಿಕೊಂಡು, ಮತ್ತೆ ಲಾರಿ ಹತ್ತುತ್ತಾನೆ. ಅವನ ಹೆಂಡತಿ ನಾಲ್ಕು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದಾಳೆ. ಪ್ಲಾಸ್ಟರ್ ಕಲಸುವುದು, ದವಡೆ ಹಲ್ಲು, ಪಾಲಿಶ್, ಸೆಟ್ಟನ್ನು ಮೇಲೆ ಒಯ್ಯುವುದು ಅವಳದ್ದು. ಕೈ ಚೆನ್ನಾಗಿದೆ ಎಂದು ಅವಳ ಎದುರಿಗೆ ಮಾತ್ರ ನಾನು ಎಂದೂ ಹೇಳಿದವಳಲ್ಲ. ಕೋರೆಹಲ್ಲಿನ ಪ್ರಕರಣ ಆದ ವಾರವೇ ಅವಳು ಒಂದು ಓದುವ ಕನ್ನಡಕ ತಂದು, ನೀಲಿ ಡಬ್ಬಿಯಲ್ಲಿಟ್ಟು, ಏನೂ ಹೇಳದೆ ನನ್ನ ಡ್ರಾಯರಿನಲ್ಲಿ ಇಟ್ಟಳು. ಡ್ರಾಯರು ದಿನಾ ತೆಗೆಯುತ್ತಿದ್ದೆ, ಡಬ್ಬಿಯನ್ನು ತೆಗೆಯಲಿಲ್ಲ. ಕನ್ನಡಕ ಹಾಕಿಕೊಂಡ ದಿನವೇ ನನ್ನ ಕುರ್ಚಿ ಅವಳದ್ದಾಗುತ್ತದೆ ಎಂದು ನನಗೆ ಖಾತ್ರಿಯಿತ್ತು.

ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಬಣ್ಣ ಕಲಸುವ ಒಂದು ತಟ್ಟೆ ತಂದೆ, ಅದರಲ್ಲಿ ಆರು ಗುಳಿ. ಸಂಜೆ ಬಾಗಿಲು ಹಾಕುವ ಮುಂಚೆ ಕಿಟಕಿಯ ಬೆಳಕಿನಲ್ಲಿ ಒಂದೊಂದು ಹಲ್ಲನ್ನೂ ಕೈ ಚಾಚಿ ದೂರ ಹಿಡಿದು ನೋಡಿ, ಎಡದಿಂದ ಬಲಕ್ಕೆ ಸಾಲಾಗಿ ಗುಳಿಯಲ್ಲಿ ಇಡುವುದು. ಬೆಳಗ್ಗೆ ಕಣ್ಣಿನ ಹಂಗೇ ಇಲ್ಲ. ಮೊದಲನೇ ಗುಳಿಯದ್ದು ಮೊದಲನೇ ಜಾಗಕ್ಕೆ, ಎರಡನೆಯದು ಎರಡನೆಯದಕ್ಕೆ, ಚಿಮಟದಲ್ಲಿ ಎತ್ತಿ ಬಿಸಿ ಮೇಣದಲ್ಲಿ ಊರುತ್ತಾ ಹೋದರಾಯಿತು. ತಟ್ಟೆ ಬಂದ ಮೇಲೆ ಒಂದು ವರ್ಷ ಒಂದೇ ಒಂದು ಸೆಟ್ಟೂ ವಾಪಸ್ ಬರಲಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಇನ್ನು ನಮ್ಮ ಮನೆಯವರ ವಿಷಯ. ಅವರು ಪುಸ್ತಕ ಬೈಂಡ್ ಮಾಡುವವರು. ವರ್ಕ್‌ಶಾಪಿನ ಹಿಂದಿನ ಮೂಲೆಯಲ್ಲಿ ಅಂಟು, ದಾರ, ರಟ್ಟು ಹರಡಿಕೊಂಡು, ಕುಂಬಳಬೀಜ ಸುಲಿದು ತಿನ್ನುತ್ತಾ ಕೂರುತ್ತಾರೆ. ಲೈಬ್ರರಿಯಿಂದ ಪ್ರಾಣಿಗಳ ಬಗ್ಗೆ ಒಂದು ದಪ್ಪ ಪುಸ್ತಕ ಬೈಂಡಿಗೆ ಬಂದು ಹದಿನಾಲ್ಕು ತಿಂಗಳಾಯಿತು. ರಟ್ಟು ಹಾಕಿ ಮುಗಿದೇ ಹನ್ನೆರಡು ತಿಂಗಳಾಗಿದೆ. ಲೈಬ್ರರಿಯವರು ಮೂರು ಸಲ ಹೇಳಿ ಕಳಿಸಿದರು. ಇವರಿಗೆ ಇನ್ನೂ ಓದಿ ಮುಗಿದಿಲ್ಲ, ಅಂಟು ಒಣಗಬೇಕು ಎನ್ನುತ್ತಾರೆ.

"ಲೇ, ಕೇಳಿಲ್ಲಿ. ಆಕ್ಟೋಪಸ್‌ಗೆ ಮೂರು ಹೃದಯ ಇರುತ್ತಂತೆ."

"ನಿಮಗೆ ಒಂದಿದ್ದಿದ್ರೂ ಆ ಪುಸ್ತಕ ವಾಪಸ್ ಕೊಟ್ಟು ಬರ್ತಿದ್ರಿ."

ಅವರು ಹಿಂಜರಿಯುವವರಲ್ಲ. ವಾಂಬ್ಯಾಟ್ ಎಂಬ ಪ್ರಾಣಿಯ ಲದ್ದಿ ಚೌಕಾಕಾರ ಇರುತ್ತದೆ ಎಂಬ ವಿಷಯವನ್ನು ಸರಿಯಾಗಿ ಊಟದ ಹೊತ್ತಿನಲ್ಲೇ ಹೇಳಿದರು. ಯಾವುದೋ ಕಪ್ಪೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಎದೆಬಡಿತವೂ ನಿಂತು, ಬಿಸಿಲು ಬಂದಾಗ ಕರಗಿ ಎದ್ದು ಕುಪ್ಪಳಿಸಿಕೊಂಡು ಹೋಗುತ್ತದಂತೆ. ಇವರು ಬೆಳಗ್ಗೆ ಹಾಸಿಗೆಯಿಂದ ಏಳುವುದನ್ನು ನೋಡಿದವರಿಗೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ದಿನ, ಹಿಮಸಾರಂಗದ ಕಣ್ಣಿನ ಒಳಪರದೆ ಬೇಸಿಗೆಯಲ್ಲಿ ಚಿನ್ನದ ಬಣ್ಣ, ಚಳಿಗಾಲದ ಕತ್ತಲಿಗೆ ನೀಲಿ ಎಂದರು. ಆಮೇಲೆ ನನ್ನ ಕಡೆ ನೋಡದೆ, "ಮನುಷ್ಯರಿಗೆ ಆ ಸೌಕರ್ಯ ಇಲ್ಲ, ಕನ್ನಡಕಾನೇ ಹಾಕ್ಕೋಬೇಕು" ಎಂದರು. ಸೊಸೆ ಪಾಲಿಶ್ ಮೆಶಿನ್ ಚಾಲೂ ಮಾಡಿ ಆ ಸದ್ದಿನಲ್ಲಿ ನಗು ಮುಚ್ಚಿಕೊಂಡಳು. ನನಗೆ ಕಾಣಲಿಲ್ಲ ಅಂದುಕೊಂಡಿದ್ದಾಳೆ.

ಹೀಗಿರುವಾಗ ಒಂದು ಬೆಳಗ್ಗೆ ಮೂರನೇ ಗುಳಿಯಲ್ಲಿ ಹಲ್ಲು ಇರಲಿಲ್ಲ. ಅಲ್ಲಿ ಒಂದು ನೀಲಿ ಅಂಗಿಗುಂಡಿ ಇತ್ತು.

ನೀಲಿಯಾದ್ದರಿಂದ ಕಂಡಿತು. ಬಿದ್ದದ್ದಲ್ಲ, ಉರುಳಿ ಬಂದದ್ದಲ್ಲ, ಗುಳಿಯ ನಡುಮಧ್ಯೆ ಯಾರೋ ಇಟ್ಟ ಹಾಗೆ ಇತ್ತು. ಬೇರೆ ಹಲ್ಲು ತೆಗೆದು ಕೆಲಸ ಮುಗಿಸಿದೆ, ಯಾರಿಗೂ ಹೇಳಲಿಲ್ಲ. ಐದು ದಿನ ಬಿಟ್ಟು ಐದನೇ ಗುಳಿಯ ಹಲ್ಲು ಮಾಯ, ಅಲ್ಲಿ ಒಂದು ಕಪ್ಪು ಕಲ್ಲು. ನನ್ನ ತಲೆ ಕೆಟ್ಟುಹೋಯಿತು. ಬೀಗದ ಕೈ ಇರುವುದು ಎರಡು: ಒಂದು ನನ್ನದು, ಇನ್ನೊಂದು ಸೊಸೆಯದು. ಮನೆಯವರು ಇಂಥ ತಮಾಷೆ ಮಾಡಿದ್ದರೆ ಐದು ನಿಮಿಷ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಂದಮೇಲೆ ಉಳಿದವರು ಯಾರು? ಮುದುಕಿಗೆ ಕಣ್ಣು ಕಾಣುತ್ತದೋ ಇಲ್ಲವೋ ಎಂದು ಪರೀಕ್ಷೆ ನಡೆಯುತ್ತಿದೆ, ಇಷ್ಟೇ.

ಕಲ್ಲನ್ನು ತೆಗೆದುಕೊಂಡು ಹೋಗಿ ಅವಳ ಮೇಜಿನ ಮೇಲೆ ಕುಕ್ಕಿದೆ.

"ಏನಮ್ಮಾ ಇದು?"

"ಕಲ್ಲು, ಅತ್ತೆ."

"ಕಲ್ಲು ಅಂತ ನನಗೂ ಕಾಣ್ಸುತ್ತೆ! ನನ್ನ ಹಲ್ಲು ಎಲ್ಲಿ?"

"ನಿಮ್ಮ ಹಲ್ಲು ತೊಗೊಂಡು ನಾನೇನು ಮಾಡ್ಲಿ? ನನಗೆ ಮೂವತ್ತೆರಡೂ ಇದೆ."

"ನನ್ನ ಕಣ್ಣಿಗೆ ಪರೀಕ್ಷೆ ಇಡ್ತಿದ್ದೀಯ ನೀನು!"

"ಅದಕ್ಕೆ ಡಾಕ್ಟ್ರಿದ್ದಾರೆ ಅತ್ತೆ. ಹೋಗಿ ಅಂತ ಒಂದು ವರ್ಷದಿಂದ ಹೇಳ್ತಾನೇ ಇದ್ದೀವಲ್ಲ."

ಹಿಂದಿನ ಮೂಲೆಯಿಂದ ಮನೆಯವರು ಪುಸ್ತಕದ ಮೇಲಿಂದ ತಲೆ ಎತ್ತಿ, "ಕೊಂಬಿನ ಹಲ್ಲಿ ಅಂತ ಒಂದಿದೆ" ಎಂದರು. "ಕಾಟ ಕೊಟ್ರೆ ಕಣ್ಣಿಂದ ರಕ್ತ ಚಿಮ್ಮಿಸುತ್ತಂತೆ. ಮೂರು ನಾಲ್ಕು ಅಡಿ ದೂರ." ನನ್ನ ಮುಖ ನೋಡಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

ನಾನು ಕೈ ಚಾಚಿದೆ. ಸೊಸೆ ತಕ್ಷಣ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಆದರೆ ನಾನು, "ಇನ್ಮೇಲೆ ಸೆಟ್ಟು ಮೇಲೆ ತೊಗೊಂಡು ಹೋಗೋದೂ ನಾನೇ" ಎಂದಾಗ ಅವಳ ಮುಖ ಬಿಳಿಚಿಕೊಂಡಿತು.

"ಅದೊಂದು ಬೇಡ ಅತ್ತೆ. ನಿಮ್ಮ ಮಂಡಿ... ಹತ್ತೊಂಬತ್ತು ಮೆಟ್ಲು. ಅದೊಂದು ನಾನೇ ತೊಗೊಂಡು ಹೋಗ್ತೀನಿ."

ನನ್ನ ಮಂಡಿಯ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ ಬಂದದ್ದೇ ಅವಳು ತಪ್ಪು ಮಾಡಿರುವುದಕ್ಕೆ ಸಾಕ್ಷಿ ಎಂದು ತೀರ್ಮಾನಿಸಿದೆ.

ಆ ವಾರ ಕೈಯಲ್ಲಿದ್ದದ್ದು ಹರಾಜಿನವರ ಸೆಟ್ಟು. ಹಳೆ ಮೇಜು ಕುರ್ಚಿ, ಪಾತ್ರೆ ಪಗಡೆ ಹರಾಜು ಕೂಗುವ ಮನುಷ್ಯ. ಗಂಟಲು ಎರಡು ಬೀದಿಗೆ ಕೇಳುತ್ತದೆ. ಮೇಲಿನ ಹಲ್ಲೆಲ್ಲ ತೆಗೆಸಿಕೊಂಡ ಮೇಲೆ ಬಾಯಿಂದ ಬರೀ ಗಾಳಿ ಬರುತ್ತಿತ್ತು. ಅವರ ಹೆಂಡತಿ ಮದುವೆಯಾದ ಮೇಲೆ ಇಷ್ಟು ನೆಮ್ಮದಿಯ ದಿನ ಕಂಡಿಲ್ಲ ಎಂದರಂತೆ. ಶನಿವಾರ ಒಂದು ಮುಚ್ಚಿದ ಹೋಟೆಲಿನ ಸಾಮಾನೆಲ್ಲ ಹರಾಜು. ಅಷ್ಟರಲ್ಲಿ ಹಲ್ಲು ಬೇಕೇ ಬೇಕು. ಗುರುವಾರ ಮೇಣದ ಸೆಟ್ಟು ಬಾಯಲ್ಲಿಟ್ಟು ನೋಡುವುದೆಂದು ಗೊತ್ತಾಯಿತು.

ಬುಧವಾರ ಸಂಜೆ ಆರು ಹಲ್ಲನ್ನೂ ತಟ್ಟೆಯಲ್ಲಿ ಇಟ್ಟು, ನಾನೇ ಬೀಗ ಹಾಕಿ, ಎರಡೂ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದೆ. ಬೆಳಗ್ಗೆ ನಾನೇ ಬೀಗ ತೆಗೆದೆ. ತಟ್ಟೆಯಲ್ಲಿ ನೀಲಿಯಿಲ್ಲ, ಕಪ್ಪಿಲ್ಲ, ಆರೂ ಬೆಳ್ಳಗೆ ಕುಳಿತಿದ್ದವು. ನೋಡಿದೆಯಾ, ಬೀಗದ ಕೈ ಕಿತ್ತುಕೊಂಡ ತಕ್ಷಣ ಕಾಟ ನಿಂತಿತು ಎಂದುಕೊಂಡು ಚಿಮಟ ಹಿಡಿದೆ. ಒಂದರಿಂದ ಆರರವರೆಗೆ ಮೇಣದಲ್ಲಿ ಊರಿ, ಸೆಟ್ಟನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು, ಹತ್ತೊಂಬತ್ತು ಮೆಟ್ಟಿಲು ಹತ್ತಿದೆ. ಸೊಸೆ ಮೆಟ್ಟಿಲ ಬುಡದವರೆಗೆ ಹಿಂದೆ ಬಂದು, "ಒಂದ್ಸಲ ನೋಡಿ ಕೊಡ್ತೀನಿ ಅತ್ತೆ" ಎಂದಳು. ನಾನು ಹಿಂತಿರುಗಲಿಲ್ಲ.

ಡಾಕ್ಟರಮ್ಮ ಸೆಟ್ಟನ್ನು ಹರಾಜಿನವರ ಬಾಯಲ್ಲಿ ಕೂರಿಸಿದಳು. ಮಾತು ಸ್ಪಷ್ಟವಾಗಿ ಬರುತ್ತದೋ ನೋಡಲು ಎಲ್ಲರಿಗೂ ಹೇಳುವ ಹಾಗೆ ಹೇಳಿದಳು: "ಐವತ್ತರಿಂದ ಅರವತ್ತರವರೆಗೆ ಎಣಿಸಿ, ಯಜಮಾನ್ರೇ."

ಬಾಯಿ ಕಟ್ಟಿಹೋಗಿದ್ದ ಮನುಷ್ಯನಿಗೆ ಇಷ್ಟೇ ಬೇಕಾಗಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕೈ ಎತ್ತಿ, "ಐವತ್ತು!" ಎಂದು ಕೂಗಿದರು. "ಐವತ್ತೊಂದು! ಯಾರಪ್ಪಾ ಅಲ್ಲಿ ಹಿಂದಗಡೆ? ಐವತ್ತೆರಡು! ತೇಗದ ಮರ ಸ್ವಾಮೀ, ಐವತ್ಮೂರು!" ಕ್ಲಿನಿಕ್ಕಿನ ಕಿಟಕಿ ಗಾಜು ನಡುಗಿತು. "ಐವತ್ತಾರು" ಎನ್ನುವಾಗ ಬಾಯಿಂದ ಬೆಳ್ಳಗಿನದೇನೋ ಟಪ್ಪೆಂದು ಹಾರಿ ಡಾಕ್ಟರಮ್ಮನ ಮಾಸ್ಕಿಗೆ ಅಂಟಿಕೊಂಡಿತು. "ಐವತ್ತೇಳು" ಸಿಳ್ಳೆಯಾಗಿ ಬಂತು.

ಡಾಕ್ಟರಮ್ಮ ಅದನ್ನು ಚಿಮಟದಲ್ಲಿ ತೆಗೆದು ದೀಪದ ಕೆಳಗೆ ಹಿಡಿದಳು. ತುಂಬ ಹೊತ್ತು ನೋಡಿದಳು.

"ಅಮ್ಮಾ, ಇದು ಕುಂಬಳಬೀಜ."

ಹರಾಜಿನವರು ಕುತೂಹಲದಿಂದ ಕೇಳಿದರು: "ಹುರಿದದ್ದೋ, ಹಸೀದೋ?"

ನಾನು ಮೆಟ್ಟಿಲ ತಲೆಗೆ ಹೋಗಿ ಸೊಸೆಯನ್ನು ಕೂಗಿದೆ. ಪ್ಲಾಸ್ಟರ್ ಕೈಯನ್ನು ಒರೆಸಿಕೊಳ್ಳುತ್ತಾ ಓಡಿ ಬಂದಳು. "ನೋಡಿ, ಇವಳೇ! ನನ್ನ ತಟ್ಟೆಗೆ ಬೀಜ ಇಟ್ಟು ನನ್ನ ಮಾನ ಕಳೆದ್ಲು!" ಎಂದು ಎಲ್ಲರೆದುರು ಹೇಳಿಬಿಟ್ಟೆ. ಅವಳು ಬೀಜ ನೋಡಿದಳು, ಹರಾಜಿನವರ ಬಾಯಲ್ಲಿದ್ದ ಕಿಂಡಿ ನೋಡಿದಳು. ದನಿ ಸ್ವಲ್ಪ ನಡುಗಿತು, ಮಾತು ನಡುಗಲಿಲ್ಲ.

"ಇಟ್ಟವರು ಯಾರೋ ನನಗೆ ಗೊತ್ತಿಲ್ಲ ಅತ್ತೆ. ಕೂರಿಸಿದ್ದು ನೀವು."

ಬೀಜ ಯಾರೇ ಇಟ್ಟಿರಲಿ, ಹಲ್ಲು ಯಾವುದು ಬೀಜ ಯಾವುದು ಎಂದು ಗೊತ್ತಾಗದೆ ಮನುಷ್ಯನ ವಸಡಿನಲ್ಲಿ ಊರಿದ ಕೈ ನನ್ನದೇ. ಡಾಕ್ಟರಮ್ಮ ಅದೇ ಮೆತ್ತಗಿನ ದನಿಯಲ್ಲಿ, "ಈ ಸೆಟ್ಟಿನ ಮುಂದಿನ ಆರು ಇವರು ಕೂರಿಸ್ಲಿ. ನೀವು ಕಣ್ಣು ತೋರಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದಳು.

ಇಳಿಯುವಾಗ ಮೆಟ್ಟಿಲು ತಿರುಗುವ ಕಡೆ ಗೋಡೆಗೆ ಒರಗಿ ಕುಳಿತೆ. ಎದುರಿಗೆ ಒಂದು ಸಣ್ಣ ಕಿಟಕಿ. ಕೈಯಳತೆಗಿಂತ ದೂರ ಇದ್ದದ್ದರಿಂದ ಕಿಟಕಿಯ ಕಟ್ಟೆ ನನಗೆ ಚೆನ್ನಾಗಿ ಕಂಡಿತು. ಅದರ ಮೇಲೆ ಗುಲಾಬಿ ಬಣ್ಣದ ಹನಿಗಳು. ಒಂದೆರಡಲ್ಲ, ಹನಿಯ ಮೇಲೆ ಹನಿ, ಹಳೆಯದರ ಮೇಲೆ ಹೊಸದು. ಮೇಣ. ಸುಟ್ಟ ಬೆಂಕಿಕಡ್ಡಿಗಳು. ಹೂವಿನ ಕುಂಡದ ಹಿಂದೆ ಬಟ್ಟೆ ಸುತ್ತಿದ ಸಣ್ಣ ಸ್ಪಿರಿಟ್ ದೀಪ, ನಾನು ಎಂದೋ ಬಿಸಾಡಿದ್ದ ಹಳೆ ಮೇಣದ ಚಾಕು.

ತಟ್ಟೆ ಬಂದ ಮೇಲೆ ಒಂದು ವರ್ಷ ಒಂದು ಸೆಟ್ಟೂ ವಾಪಸ್ ಬಂದಿರಲಿಲ್ಲ ಎಂದೆನಲ್ಲ. ಆ ಒಂದು ವರ್ಷವೂ ಸೆಟ್ಟನ್ನು ಮೇಲೆ ಒಯ್ಯುತ್ತಿದ್ದವಳು ಅವಳು. ಇಲ್ಲಿ ನಿಂತು, ಅವಸರವಾಗಿ ದೀಪ ಹಚ್ಚಿ, ನನ್ನ ಸೊಟ್ಟಗಳನ್ನೆಲ್ಲ ನೆಟ್ಟಗೆ ಮಾಡಿ, ದೀಪ ಬಚ್ಚಿಟ್ಟು, ನನ್ನ ಕೆಲಸ ಎಂದು ಮೇಲೆ ಕೊಟ್ಟು ಬರುತ್ತಿದ್ದಳು. ಇವತ್ತೊಂದೇ ದಿನ ನನ್ನ ಕೆಲಸ ನನ್ನ ಕೆಲಸವಾಗಿಯೇ ಮೇಲೆ ಹೋದದ್ದು. ನನಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಆಗುವ ನಾಚಿಕೆ ಮೈಗೆಲ್ಲ ಹತ್ತುತ್ತದೆ.

ಕೆಳಗೆ ಹೋದರೆ ಮನೆಯವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ನಾನು ಎತ್ತಿಟ್ಟಿದ್ದ ನೀಲಿ ಗುಂಡಿಯನ್ನೂ ತೆಗೆದು ತೋರಿಸಿದೆ. ಅವರ ಮುಖದಲ್ಲಿ ಒಂದು ಚೂರೂ ಮರುಕ ಇರಲಿಲ್ಲ, ಹಬ್ಬದ ಕಳೆ ಇತ್ತು.

"ಗುಂಡಿ ಇಟ್ಟು ಹಲ್ಲು ತೊಗೊಂಡು ಹೋಯ್ತು, ಕಲ್ಲು ಇಟ್ಟು ಹಲ್ಲು ತೊಗೊಂಡು ಹೋಯ್ತು, ಬೀಜ ಇಟ್ಟು ಹಲ್ಲು ತೊಗೊಂಡು ಹೋಯ್ತು! ಇದನ್ನ ನೀನು ನನಗೆ ಮೊದಲೇ ಹೇಳೋದಲ್ವೇನೇ?" ಪುಸ್ತಕ ಬಿಚ್ಚಿ ಬೆರಳಿಟ್ಟರು. ಒಂದು ಜಾತಿಯ ಕಾಡಿಲಿ ಇದೆಯಂತೆ. ಬಾಯಲ್ಲಿ ಏನೋ ಕಚ್ಚಿಕೊಂಡು ಗೂಡಿಗೆ ಹೋಗುವಾಗ ದಾರಿಯಲ್ಲಿ ಅದಕ್ಕಿಂತ ಚೆಂದದ್ದು, ಹೊಳೆಯುವುದು ಕಂಡರೆ, ಬಾಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಇದನ್ನು ಎತ್ತಿಕೊಂಡು ಹೋಗುತ್ತದಂತೆ. ನೋಡಿದವರಿಗೆ ವ್ಯಾಪಾರ ಮಾಡಿದ ಹಾಗೆ ಕಾಣುತ್ತದಂತೆ.

"ಗುಂಡಿ ನಿಮ್ಮ ಅಂಗೀದು ಮಾವ" ಎಂದಳು ಸೊಸೆ, ಬಾಗಿಲಲ್ಲೇ ನಿಂತು. "ಬೀಜಾನೂ ನಿಮ್ಮದೇ."

ಮೂವರೂ ಸೇರಿ ಹಿಂದಿನ ಗೋಡೆಗೆ ಒರಗಿಸಿದ್ದ ಪ್ಲಾಸ್ಟರ್ ಮೂಟೆ ಎಳೆದೆವು. ಗೋಡೆಯಲ್ಲಿ ಗ್ಯಾಸ್ ಪೈಪಿನ ಸುತ್ತ ಒಂದು ಸಂದು, ಅದರ ಆಚೆ ಪೊದೆ ಬೆಳೆದ ಖಾಲಿ ಜಾಗ. ಈಚೆ, ಮೂಟೆಯ ಹಿಂದೆ, ಬೈಂಡಿಂಗಿನ ಕಾಗದದ ಚೂರು, ದಾರ, ಕಡ್ಡಿ ಎಲ್ಲ ಒಟ್ಟಿ ಕಟ್ಟಿದ ದೊಡ್ಡ ಗೂಡು. ಅದರ ಮಧ್ಯದಿಂದ ದೊಡ್ಡ ಕಣ್ಣು, ದೊಡ್ಡ ಕಿವಿ, ಮೆತ್ತಗಿನ ಬಾಲದ ಒಂದು ಇಲಿ ಎದ್ದು ನಿಂತಿತು. ಬಾಯಲ್ಲಿ ಹರಾಜಿನವರ ಮುಂದಿನ ಹಲ್ಲು! ಆ ಹಲ್ಲು ಇಲಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಅದು ಸಂದಿನ ಕಡೆ ಓಡಿತು. ದಾರಿಯಲ್ಲಿ ಮನೆಯವರ ಚಹದ ಚಮಚ ಬಿದ್ದಿತ್ತು. ಇಲಿ ನಿಂತಿತು. ಚಮಚ ನೋಡಿತು. ಹಲ್ಲನ್ನು ಅಲ್ಲೇ ನೆಲದ ಮೇಲೆ ಇಟ್ಟು, ಚಮಚವನ್ನು ಕಚ್ಚಿ ದರದರ ಎಳೆದುಕೊಂಡು, ಸಂದಿನಲ್ಲಿ ಎರಡು ಸಲ ಸಿಕ್ಕಿಹಾಕಿಕೊಂಡು, ಆಚೆ ಹೋಗಿಯೇಬಿಟ್ಟಿತು.

"ನೋಡಿದ್ಯಾ! ನೋಡಿದ್ಯಾ!" ಮನೆಯವರು ಚಪ್ಪಾಳೆ ತಟ್ಟಿದರು. ಹದಿನಾಲ್ಕು ತಿಂಗಳಲ್ಲಿ ಅವರು ಹೇಳಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಗೂಡಿನಲ್ಲಿ ಉಳಿದ ನನ್ನ ಎರಡು ಹಲ್ಲು, ಬಾಟಲಿಯ ಮುಚ್ಚಳಗಳು, ಮನೆಯವರ ಸೂಜಿ, ನನ್ನದೊಂದು ಹಳೆ ಚಿಮಟ ಸಿಕ್ಕಿದವು. ತಳದಲ್ಲಿ ಒಂದು ಕಿವಿಯೋಲೆ. ಸೊಸೆ ಅದನ್ನು ಎತ್ತಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು.

"ಪಾಲಿಶ್ ಮಾಡುವಾಗ ತೆಗೆದಿಟ್ಟಿದ್ದೆ. ಎರಡು ತಿಂಗಳಾಯ್ತು. ನೀವು ಬಚ್ಚಿಟ್ಟಿದ್ದೀರಿ ಅಂದ್ಕೊಂಡಿದ್ದೆ ಅತ್ತೆ."

"ನಾನ್ಯಾಕೆ ಬಚ್ಚಿಡ್ಲಿ?"

"ಅದರ ಜಾಗದಲ್ಲಿ ಒಂದು ಒಣ ಬಟಾಣಿ ಇತ್ತು. ನಿನ್ನ ಯೋಗ್ಯತೆಗೆ ಇಷ್ಟು ಸಾಕು ಅಂತ ಹೇಳ್ತಿದ್ದೀರಿ ಅನ್ನಿಸ್ತು."

"ಎರಡು ತಿಂಗಳು ಬಾಯಿ ಬಿಡದೆ ಇದ್ಯಾ?"

"ನೀವು ಹಾಗೆ ಮಾಡೋರೇ ಅನ್ನಿಸ್ತು, ಅದಕ್ಕೆ."

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವಳಿಗೂ ಬಂತು. ಮೆಟ್ಟಿಲ ಕಿಟಕಿಯ ವಿಷಯ ಹೇಳಬೇಕೆಂದು ಬಾಯಿ ತೆರೆದು, "ಸಂದಿಗೆ ಪ್ಲಾಸ್ಟರ್ ಕಲಸು" ಎಂದೆ. ತಪ್ಪಾಯಿತು ಎನ್ನುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಮನೆಯವರು ಸಂದಿಗೆ ಪ್ಲಾಸ್ಟರ್ ಮೆತ್ತುವ ಮೊದಲು ಗೂಡನ್ನು ಎರಡು ಕೈಯಲ್ಲಿ ಎತ್ತಿ ಆಚೆ ಪೊದೆಯ ಬುಡದಲ್ಲಿಟ್ಟು ಬಂದರು. ಜೊತೆಗೆ ಚಹದ ತಟ್ಟೆಯನ್ನೂ ಇಟ್ಟರಂತೆ, ಚಮಚ ಒಂದೇ ಆದರೆ ಚೆನ್ನಾಗಿರುವುದಿಲ್ಲ ಎಂದು.

ಶುಕ್ರವಾರ ನಾನು ಎಲ್ಲರಿಗಿಂತ ಮೊದಲು ಬಂದೆ. ಡ್ರಾಯರಿನಿಂದ ನೀಲಿ ಡಬ್ಬಿ ತೆಗೆದು ಕನ್ನಡಕ ಎತ್ತಿಕೊಂಡೆ. ಖಾಲಿಯಾದ ಜಾಗದಲ್ಲಿ ನನ್ನ ಮೇಣದ ಚಾಕು ಇಟ್ಟೆ. ಮೂವತ್ತೊಂದು ವರ್ಷದಲ್ಲಿ ಅದರ ಹಿಡಿ ನನ್ನ ಹೆಬ್ಬೆರಳಿಗೆ ತಕ್ಕ ಹಾಗೆ ಸವೆದಿದೆ. ಸ್ವಲ್ಪ ಓರೆಯಾಗಿ ಇಟ್ಟರೆ ಡಬ್ಬಿಯಲ್ಲಿ ಹಿಡಿಸಿತು. ಪಕ್ಕದಲ್ಲಿ ಅವಳ ಬೀಗದ ಕೈ. ಡಬ್ಬಿ ಮುಚ್ಚಿ ಅವಳ ಮೇಜಿನ ಮೇಲಿಟ್ಟು, ನನ್ನ ಜಾಗದಲ್ಲಿ ಕುಳಿತು, ದವಡೆ ಹಲ್ಲಿನ ಪೆಟ್ಟಿಗೆ ಎಳೆದುಕೊಂಡೆ.

ಸೊಸೆ ಬಂದಳು. ಡಬ್ಬಿ ತೆಗೆದು, ಚಾಕುವಿನ ಸವೆದ ಹಿಡಿಯನ್ನು ಮುಟ್ಟಿ ನೋಡಿದಳು.

"ಅತ್ತೆ, ಮತ್ತೆ ಇಲಿ ಬಂದಿತ್ತಾ?"

"ಬಂದಿತ್ತು. ವಯಸ್ಸಾದ ಇಲಿ."

ಅವಳು ನನ್ನ ಎದುರಿಗೆ ಕುಳಿತು, ದೀಪ ಹಚ್ಚಿ, ಹರಾಜಿನವರ ಮೊದಲನೇ ಹಲ್ಲನ್ನು ಎತ್ತಿಕೊಂಡಳು. ನಾನು ಕನ್ನಡಕದೊಳಗಿಂದ ಅವಳ ಕೈ ನೋಡಿದೆ. ಹೆಬ್ಬೆರಳ ಪಕ್ಕ, ತೋರುಬೆರಳ ತುದಿ, ಎಲ್ಲ ಕಡೆ ಸಣ್ಣ ಸಣ್ಣ ಸುಟ್ಟ ಗುರುತು. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿ ಉಂಡ ಕೈ.

"ಇವೆಲ್ಲ ಯಾವಾಗ ಸುಟ್ಟದ್ದು?"

ಅವಳು ತಲೆ ಎತ್ತಲಿಲ್ಲ. "ಮೆಟ್ಟಿಲ ಹತ್ರ ಗಾಳಿ ಜಾಸ್ತಿ ಅತ್ತೆ. ದೀಪ ಒಂದು ಕಡೆ ನಿಲ್ಲಲ್ಲ."

ಎದ್ದು ಹೋಗಿ ಸುಟ್ಟ ಗಾಯದ ಮುಲಾಮು ತಂದು ಅವಳ ಪಕ್ಕದಲ್ಲಿಟ್ಟೆ, ಗಾಯವೆಲ್ಲ ಎಂದೋ ಮಾಗಿತ್ತು. ಅವಳು ಎರಡನೇ ಹಲ್ಲನ್ನು ಮೇಣದಲ್ಲಿ ಊರಿದಳು. ನಾನು ಬಗ್ಗಿ ನೋಡಿದೆ.

"ಕೂದಲೆಳೆಯಷ್ಟು ಒಳಗೆ ತಳ್ಳು."

ಅವಳು ಸೆಟ್ಟನ್ನು ತಿರುಗಿಸಿ ನೋಡಿದಳು, ಮತ್ತೊಮ್ಮೆ ನೋಡಿದಳು, ಕೂದಲೆಳೆಯಷ್ಟು ಒಳಗೆ ತಳ್ಳಿದಳು. ನನ್ನ ಕಣ್ಣು ಚೆನ್ನಾಗಿಯೇ ಕಾಣುತ್ತದೆ ಎಂದು ಮೊದಲೇ ಹೇಳಿದ್ದೆನಲ್ಲ.